ಟಿನ್ ಕಪ್‌ನ ಕ್ಯಾಡಿ, ಲಾಂಗ್ ಗೇಮ್‌ನ ಮುದುಕ: ಇಬ್ಬರೂ ಒಬ್ಬರೇನಾ?

ಪ್ರಶ್ನೆ: ನಮ್ಮ ಮನೆಯಲ್ಲಿ ಯಾರೂ ಗಾಲ್ಫ್ ಆಡಿದವರಲ್ಲ. ಆದರೂ 'ದ ಲಾಂಗ್ ಗೇಮ್' ಸಿನಿಮಾ ನೋಡಿ ತುಂಬಾ ಇಷ್ಟ ಆಯ್ತು. ಅದರಲ್ಲಿ ಗಾಲ್ಫ್ ಕ್ಲಬ್ಬಿನ ಮೈದಾನ ನೋಡಿಕೊಳ್ಳುವ ವಯಸ್ಸಾದವರ ಪಾತ್ರ ಮಾಡಿದವರನ್ನು ಎಲ್ಲೋ ನೋಡಿದ ಹಾಗಿತ್ತು. ಹಳೆಯ 'ಟಿನ್ ಕಪ್' ಸಿನಿಮಾದಲ್ಲಿ ಹೀರೋ ಬ್ಯಾಗ್ ಹೊತ್ತು ಓಡಾಡುವವರು ಇವರೇನಾ? ಬಡವರು, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದವರು ಗಾಲ್ಫ್‌ನಲ್ಲಿ ಎದ್ದು ನಿಲ್ಲುವ ಇಂಥ ಸಿನಿಮಾಗಳಲ್ಲಿ ಈ ಪಕ್ಕದ ಪಾತ್ರಕ್ಕೆ ನಿಜವಾಗಿ ಕೆಲಸ ಏನಾದರೂ ಇರುತ್ತಾ? ಅಥವಾ ಸುಮ್ನೆ ನಗಿಸೋಕೆ ಇಟ್ಟಿರುತ್ತಾರಾ? ಶಾಲೆಗೆ ಹೋಗುವ ಮಕ್ಕಳ ಜೊತೆ ಕೂತು 'ಟಿನ್ ಕಪ್' ನೋಡಬಹುದಾ?

ಉತ್ತರ: ನಿಮ್ಮ ಕಣ್ಣು ಸರಿಯಾಗೇ ಗುರುತಿಸಿದೆ. ಇಬ್ಬರೂ ಒಬ್ಬರೇ. ಅವರ ಹೆಸರು ಚೀಚ್ ಮರೀನ್. 'ಟಿನ್ ಕಪ್' ಬಂದದ್ದು 1996ರಲ್ಲಿ. ಅದರಲ್ಲಿ ಅವರದ್ದು ರೋಮಿಯೊ ಪೊಸಾರ್ ಅನ್ನೋ ಕ್ಯಾಡಿಯ ಪಾತ್ರ. ಕ್ಯಾಡಿ ಅಂದರೆ ಆಟಗಾರನ ಬ್ಯಾಗ್ ಹೊತ್ತು ಜೊತೆಗೇ ನಡೆಯುವವನು. 'ದ ಲಾಂಗ್ ಗೇಮ್' ಮೊದಲು ತೆರೆ ಕಂಡದ್ದು 2023ರ ಚಿತ್ರೋತ್ಸವದಲ್ಲಿ, ಅಮೆರಿಕದ ಚಿತ್ರಮಂದಿರಗಳಿಗೆ ಬಂದದ್ದು 2024ರ ಏಪ್ರಿಲ್‌ನಲ್ಲಿ. ಅದರಲ್ಲಿ ಅವರು ಪೊಯ್ಯೊ. ಎರಡೂ ಸಿನಿಮಾದ ಕಥೆ ಟೆಕ್ಸಾಸ್ ರಾಜ್ಯದಲ್ಲೇ ಶುರುವಾಗುತ್ತೆ. ಎರಡರಲ್ಲೂ ಯಾರೂ ನಂಬದ ಆಟಗಾರ ದೊಡ್ಡ ಸ್ಪರ್ಧೆಗೆ ಹೋಗುತ್ತಾನೆ. ಮೊದಲನೆಯದರಲ್ಲಿ ಮರೀನ್ ಅವರಿಗೆ 50 ವರ್ಷ, ಎರಡನೆಯದು ಬರುವಾಗ 76 ದಾಟಿತ್ತು. ಮಧ್ಯೆ ಇಷ್ಟು ವರ್ಷ ಕಳೆದದ್ದರಿಂದ ನಿಮಗೆ ಅನುಮಾನ ಬಂದದ್ದು ಸಹಜ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಪಕ್ಕದ ಪಾತ್ರ ನಗಿಸೋಕೆ ಮಾತ್ರನಾ? ನನ್ನ ಪ್ರಕಾರ ಗಾಲ್ಫ್ ಸಿನಿಮಾದಲ್ಲಿ ಆ ಪಾತ್ರ ಇಲ್ಲದಿದ್ದರೆ ಸಿನಿಮಾನೇ ನಿಲ್ಲೋದಿಲ್ಲ. ಇದಕ್ಕೆ ಕಾರಣ ಆ ಆಟದ ಸ್ವಭಾವದಲ್ಲೇ ಇದೆ.

ಕಬಡ್ಡಿ ತಗೊಳ್ಳಿ, ಫುಟ್‌ಬಾಲ್ ತಗೊಳ್ಳಿ, ಎದುರಾಳಿ ಮೈಮೇಲೆ ಬರುತ್ತಾನೆ. ಕ್ಯಾಮೆರಾಗೆ ತೋರಿಸೋಕೆ ಏನೋ ಒಂದು ಇರುತ್ತೆ. ಗಾಲ್ಫ್‌ನಲ್ಲಿ ಆಟಗಾರ ನಾಲ್ಕೈದು ಗಂಟೆ ನಡೆಯುತ್ತಾನೆ. ಬಾಲ್ ಹೊಡೆಯುವ ಹೊತ್ತು ಒಟ್ಟು ಸೇರಿಸಿದರೆ ಕೆಲವೇ ನಿಮಿಷ. ಉಳಿದದ್ದೆಲ್ಲ ಅವನ ತಲೆಯೊಳಗಿನ ಜಗಳ. ಹೊಡೆಯಲಾ, ಬೇಡವಾ? ನೀರು ದಾಟಿಸಲಾ, ಈಚೆಗೇ ನಿಲ್ಲಿಸಲಾ? ಇದನ್ನು ತೆರೆಯ ಮೇಲೆ ಹೇಗೆ ತೋರಿಸ್ತೀರಿ? ಅವನು ಯಾರ ಜೊತೆಗಾದರೂ ಮಾತಾಡಲೇಬೇಕು.

ಇಲ್ಲಿ ಆಟದ ನಿಯಮವೇ ಚಿತ್ರಕಥೆ ಬರೆಯುವವರಿಗೆ ದಾರಿ ಮಾಡಿಕೊಡುತ್ತೆ. ಒಬ್ಬೊಬ್ಬರೇ ಆಡುವ ಸ್ಪರ್ಧೆಯಲ್ಲಿ ಆಟಗಾರ ಸಲಹೆ ಕೇಳಬಹುದಾದ ಮನುಷ್ಯ ಒಬ್ಬನೇ, ಅವನ ಕ್ಯಾಡಿ. ಕೋಚ್ ಹಗ್ಗದ ಆಚೆ ನಿಂತಿರಬೇಕು. ಜೊತೆಗೆ ಆಡುತ್ತಿರುವವನ ಹತ್ತಿರ 'ಯಾವ ಕ್ಲಬ್ ತಗೊಂಡೆ' (ಕ್ಲಬ್ ಅಂದರೆ ಬಾಲ್ ಹೊಡೆಯುವ ಕೋಲು) ಅಂತ ಕೇಳಿದರೆ ಎರಡು ಹೊಡೆತ ದಂಡ, ಅಂದರೆ ಅವನ ಲೆಕ್ಕಕ್ಕೆ ಎರಡು ಹೊಡೆತ ಸೇರುತ್ತೆ; ಕಡಿಮೆ ಹೊಡೆದವನೇ ಗೆಲ್ಲುವ ಆಟ ಇದು. ಬ್ಯಾಗ್‌ನಲ್ಲಿ 14 ಕ್ಲಬ್‌ಗಿಂತ ಜಾಸ್ತಿ ಇಡೋ ಹಾಗಿಲ್ಲ. ಯಾವುದನ್ನು ಯಾವಾಗ ತೆಗೆಯಬೇಕು, ಗಾಳಿ ಎತ್ತ ಬೀಸುತ್ತಿದೆ, ಹುಲ್ಲು ಯಾವ ಕಡೆ ವಾಲಿದೆ ಅನ್ನೋದನ್ನೆಲ್ಲ ಇಬ್ಬರೇ ಕೂಡಿ ನಿರ್ಧರಿಸಬೇಕು. ಹೀಗಾಗಿ ಕ್ಯಾಡಿ ಬರೀ ಕೂಲಿಯವನಲ್ಲ. ಅಷ್ಟು ದೊಡ್ಡ ಮೈದಾನದಲ್ಲಿ ಆಟಗಾರನಿಗೆ ಇರೋ ಒಂದೇ ಮಾತಿನ ಜೊತೆ ಅವನು.

ನಮ್ಮವರು ಇದನ್ನು ಕಣ್ಣಾರೆ ನೋಡಿದ್ದಾರೆ. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಕೊನೆಯ ದಿನದವರೆಗೂ ಪದಕದ ಹತ್ತಿರವೇ ಇದ್ದರು, ನಾಲ್ಕನೆಯವರಾಗಿ ಮುಗಿಸಿದರು. ಗಾಲ್ಫ್ ಅಂದರೆ ಏನು ಅಂತ ಗೊತ್ತಿಲ್ಲದವರೂ ಅವತ್ತು ಬೆಳಿಗ್ಗೆ ಬೇಗ ಎದ್ದು ಟಿವಿ ಹಾಕಿದ್ದರು. ಆಗ ಅದಿತಿ ಪಕ್ಕದಲ್ಲಿ ಬ್ಯಾಗ್ ಹಿಡಿದು ನಡೆಯುತ್ತಿದ್ದವರು ಅವರ ತಾಯಿ ಮಾಹೇಶ್ವರಿ. ಅದಕ್ಕೂ ಹಿಂದೆ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತಂದೆ ಹೊತ್ತಿದ್ದರು. ಬ್ಯಾಗ್ ಹೊರುವವರು ಯಾರು ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ಅದನ್ನು ನೋಡಿದವರಿಗೆ ಬೇರೆ ಹೇಳಬೇಕಿಲ್ಲ.

'ಟಿನ್ ಕಪ್' ನಿಂತಿರೋದು ಪೂರ್ತಿಯಾಗಿ ಈ ಜೋಡಿಯ ಮೇಲೆ. ನಿರ್ದೇಶಕ ರಾನ್ ಶೆಲ್ಟನ್. ಹೀರೋ ಕೆವಿನ್ ಕಾಸ್ಟ್ನರ್. ಪಾತ್ರದ ಹೆಸರು ರಾಯ್ ಮೆಕವಾಯ್, ಊರಿನವರ ಬಾಯಲ್ಲಿ ಟಿನ್ ಕಪ್. ಪಶ್ಚಿಮ ಟೆಕ್ಸಾಸ್‌ನ ಒಂದು ಒಣ ಊರಿನಲ್ಲಿ ಜನ ದುಡ್ಡು ಕೊಟ್ಟು ಬಾಲ್ ಹೊಡೆದು ಅಭ್ಯಾಸ ಮಾಡುವ ಒಂದು ಹಳೆಯ ಬಯಲು ಇದೆ. ಅಲ್ಲೇ ಅವನ ವಾಸ, ಅಲ್ಲೇ ಅವನ ಸಾಲ. ಆಟ ಅದ್ಭುತ, ಬದುಕು ಎಡವಟ್ಟು. ಬೆಟ್ಟು ಕಟ್ಟೋದು ಅಂದರೆ ಸಾಕು, ಹಿಂದುಮುಂದು ನೋಡೋದಿಲ್ಲ. ಅವನ ಹಳೆಯ ಜೊತೆಗಾರ ಡೇವಿಡ್ ಸಿಮ್ಸ್ ಈಗ ದೊಡ್ಡ ಸ್ಟಾರ್, ಆ ಪಾತ್ರ ಡಾನ್ ಜಾನ್ಸನ್ ಅವರದ್ದು. ಸಿಮ್ಸ್‌ನ ಗೆಳತಿ, ಮನಶ್ಶಾಸ್ತ್ರದ ಡಾಕ್ಟರ್ ಮಾಲಿ, ರಾಯ್ ಹತ್ತಿರ ಗಾಲ್ಫ್ ಕಲಿಯೋಕೆ ಬರುತ್ತಾಳೆ. ಅಲ್ಲಿಂದ ಕಥೆ ಶುರು. ಅವಳನ್ನು ಒಲಿಸಿಕೊಳ್ಳೋಕೆ ರಾಯ್ ಅಮೆರಿಕದ ಅತಿ ದೊಡ್ಡ ಸ್ಪರ್ಧೆ ಯುಎಸ್ ಓಪನ್‌ಗೇ ಹೊರಡುತ್ತಾನೆ. ಓಪನ್ ಅಂದರೆ ನಿಜಕ್ಕೂ ಚೆನ್ನಾಗಿ ಆಡುವ ಯಾರಿಗಾದರೂ ತೆರೆದದ್ದು. ಅರ್ಹತಾ ಸುತ್ತುಗಳಲ್ಲಿ ಗೆದ್ದರೆ ಹಳ್ಳಿಯವನೂ ಚಾಂಪಿಯನ್‌ಗಳ ಜೊತೆ ಆಡಬಹುದು. ಅಮೆರಿಕದಲ್ಲಿ ಇಂಥ ಕಥೆಗಳು ಮತ್ತೆ ಮತ್ತೆ ಈ ಸ್ಪರ್ಧೆಯನ್ನೇ ಹಿಡಿಯೋದಕ್ಕೆ ಇದೇ ಕಾರಣ.

ಈ ರಾಯ್ ಪಕ್ಕದಲ್ಲಿ ರೋಮಿಯೊ. ಮರೀನ್ ಈ ಪಾತ್ರವನ್ನು ಹಿಡಿದಿರೋ ರೀತಿ ನನಗೆ ತುಂಬಾ ಇಷ್ಟ. ಮೂರು ದೃಶ್ಯ ಹೇಳ್ತೀನಿ, ನೋಡುವಾಗ ಗಮನಿಸಿ.

ಮೊದಲನೆಯದು ಅರ್ಹತಾ ಸುತ್ತಿನದು. ರಾಯ್‌ಗೆ ಡ್ರೈವರ್ ಬೇಕು. ಡ್ರೈವರ್ ಅಂದರೆ ಬ್ಯಾಗಿನಲ್ಲಿ ಅತಿ ಉದ್ದದ ಕ್ಲಬ್, ಬಾಲ್ ತುಂಬಾ ದೂರ ಹೋಗುತ್ತೆ, ದಾರಿ ತಪ್ಪುವ ಅಪಾಯವೂ ಅಷ್ಟೇ. ರೋಮಿಯೊ ಕೊಡಲ್ಲ ಅನ್ನುತ್ತಾನೆ. ಮಾತಿಗೆ ಮಾತು ಬೆಳೆಯುತ್ತೆ. ಕೊನೆಗೆ ರೋಮಿಯೊ ಆ ಡ್ರೈವರನ್ನೇ ಮುರಿದು ಹಾಕುತ್ತಾನೆ. ರಾಯ್ ಬಿಡ್ತಾನಾ? ಹಟಕ್ಕೆ ಬಿದ್ದು ಉಳಿದ ಕ್ಲಬ್‌ಗಳನ್ನು ತಾನೇ ಒಂದೊಂದಾಗಿ ಮುರಿಯುತ್ತಾ ಹೋಗುತ್ತಾನೆ. ಕೊನೆಗೆ ಉಳಿಯೋದು ಒಂದು ಏಳನೇ ನಂಬರಿನ ಐರನ್ ಮಾತ್ರ, ಅಂದರೆ ಮಧ್ಯಮ ದೂರಕ್ಕೆ ಹೊಡೆಯುವ ಲೋಹದ ತಲೆಯ ಕ್ಲಬ್. ರೋಮಿಯೊ ಬಿಟ್ಟು ಹೊರಟೇ ಹೋಗುತ್ತಾನೆ. ಸಿಟ್ಟಿನಲ್ಲಿ ಮುರಿದ ಕ್ಲಬ್‌ಗೆ ಬದಲಿ ತಗೊಳ್ಳುವ ಹಾಗಿಲ್ಲ ಅನ್ನೋದು ನಿಯಮ, ಹಾಗಾಗಿ ರಾಯ್ ಉಳಿದ ಆಟವನ್ನೆಲ್ಲ ಅದೊಂದರಲ್ಲೇ ಆಡಿ ಮುಗಿಸುತ್ತಾನೆ.

ನೋಡುವವರು ನಗುತ್ತಾರೆ, ನಗಬೇಕಾದ್ದೇ. ಆದರೆ ಮರೀನ್ ಮುಖ ನೋಡಿ. ಅಲ್ಲಿ ತಮಾಷೆ ಇಲ್ಲ. ವರ್ಷಾನುಗಟ್ಟಲೆ ಒಬ್ಬ ಪ್ರತಿಭಾವಂತ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳೋದನ್ನು ನೋಡಿ ನೋಡಿ ರೋಸಿಹೋದ ಗೆಳೆಯ ಅಲ್ಲಿ ಇದ್ದಾನೆ. ರಾಯ್ ಗೆದ್ದರೆ ರೋಮಿಯೊನ ಬದುಕೂ ಬದಲಾಗುತ್ತೆ. ಸೋತರೆ ಇಬ್ಬರೂ ಅದೇ ಬಯಲಿಗೆ ವಾಪಸ್. ಹಾಗಾಗಿ ಅವನ ಸಿಟ್ಟು ಅವನದ್ದೇ, ಹೀರೋಗಾಗಿ ಬಾಡಿಗೆ ತಂದದ್ದಲ್ಲ.

ಎರಡನೆಯದು ಓಪನ್ ಶುರುವಾಗುವ ಮುಂಚಿನ ಅಭ್ಯಾಸದ ದೃಶ್ಯ. ಸುತ್ತ ದೊಡ್ಡ ದೊಡ್ಡ ಆಟಗಾರರು. ನಿಜವಾದ ಆಟಗಾರರೇ ಈ ಸಿನಿಮಾದಲ್ಲಿ ಬಂದು ಹೋಗುತ್ತಾರೆ, ಫಿಲ್ ಮಿಕಲ್ಸನ್ ಕೂಡ ಇದ್ದಾರೆ. ಅವರ ಮುಂದೆ ರಾಯ್‌ಗೆ ಇದ್ದಕ್ಕಿದ್ದ ಹಾಗೆ ಶ್ಯಾಂಕ್ ಶುರುವಾಗುತ್ತೆ. ಅಂದರೆ ಬಾಲ್ ಕ್ಲಬ್ಬಿನ ಮುಖಕ್ಕೆ ತಾಗದೆ ಅದರ ಬುಡಕ್ಕೆ ತಾಗಿ ಪಕ್ಕಕ್ಕೆ ಸಿಡಿದು ಹೋಗೋದು. ಗಾಲ್ಫ್ ಆಡುವವರು ಈ ಹೆಸರು ಬಾಯಲ್ಲಿ ಹೇಳೋಕೂ ಹೆದರುತ್ತಾರೆ, ಒಮ್ಮೆ ಹತ್ತಿದರೆ ಬಿಡಲ್ಲ ಅಂತ. ರಾಯ್ ಬೆವೆತುಹೋಗುತ್ತಾನೆ. ಆಗ ರೋಮಿಯೊ ಒಂದೊಂದೇ ಅಪ್ಪಣೆ ಕೊಡುತ್ತಾನೆ. ಜೇಬಿನ ಚಿಲ್ಲರೆಯನ್ನು ಇನ್ನೊಂದು ಜೇಬಿಗೆ ಹಾಕು. ಟೋಪಿ ಹಿಂದುಮುಂದು ಮಾಡು. ಶೂ ಲೇಸ್ ಬಿಗಿಯಾಗಿ ಕಟ್ಟು. ಬಾಲ್ ಇಡುವ ಮರದ ಕಡ್ಡಿ ಕಿವಿಗೆ ಸಿಕ್ಕಿಸಿಕೊ. ಈಗ ಹೊಡಿ. ಬಾಲ್ ನೆಟ್ಟಗೆ ಹೋಗುತ್ತೆ.

ಮಾಟ ಮಂತ್ರ ಏನೂ ಇಲ್ಲ. ಆ ಒಂದು ನಿಮಿಷ ರಾಯ್ ಆ ಹುಡುಗಿಯ ಬಗ್ಗೆ ಯೋಚಿಸಲಿಲ್ಲ, ಶ್ಯಾಂಕ್ ಬಗ್ಗೆಯೂ ಯೋಚಿಸಲಿಲ್ಲ, ಅಷ್ಟೇ. ಮನಶ್ಶಾಸ್ತ್ರ ಓದಿದ ಡಾಕ್ಟರ್ ಅದೇ ಸಿನಿಮಾದಲ್ಲಿ ಇದ್ದಾಳೆ. ಆದರೆ ಇಲ್ಲಿ ಮನಸ್ಸಿಗೆ ಔಷಧಿ ಕೊಟ್ಟವನು ಬ್ಯಾಗ್ ಹೊರುವವನು. ಮರೀನ್ ಈ ಅಪ್ಪಣೆಗಳನ್ನು ಹೇಳುವಾಗ ದನಿ ಎತ್ತಲ್ಲ, ಕಣ್ಣು ಹೊಡೆಯಲ್ಲ. ಸುಸ್ತಾದ ಮೇಷ್ಟ್ರು ದಡ್ಡ ಹುಡುಗನಿಗೆ ಹೇಳಿಕೊಡೋ ಹಾಗೆ ಹೇಳುತ್ತಾರೆ. ನಗು ತಾನಾಗೇ ಬರುತ್ತೆ.

ಮೂರನೆಯದು ಕೊನೆಯ ಹೋಲ್, ಅಂದರೆ ಮೊದಲ ಹೊಡೆತದಿಂದ ಬಾಲ್ ಕುಳಿಗೆ ಬೀಳುವವರೆಗಿನ ಕೊನೆಯ ಭಾಗ. ಅಂತ್ಯ ಹೇಳಿಬಿಟ್ಟೆ ಅಂತ ಬೇಜಾರು ಮಾಡ್ಕೋಬೇಡಿ, ನೀವು ಸಿನಿಮಾ ಆಗಲೇ ನೋಡಿದ್ದೀರಲ್ವಾ. ಎದುರಿಗೆ ಕೊಳ, ಅದರಾಚೆ ಗ್ರೀನ್, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಜಾಗ. ಜಾಣರು ಕೊಳದ ಈಚೆ ಬಾಲ್ ನಿಲ್ಲಿಸಿ ಆಮೇಲೆ ಮೆಲ್ಲಗೆ ದಾಟಿಸುತ್ತಾರೆ. ಸಿಮ್ಸ್ ಹಾಗೇ ಮಾಡುತ್ತಾನೆ. ರಾಯ್ ದೂರದಿಂದಲೇ ದಾಟಿಸೋಕೆ ಹೋಗುತ್ತಾನೆ. ಬಾಲ್ ನೀರಿಗೆ. ಅದೇ ಜಾಗದಿಂದ ಮತ್ತೊಂದು. ಅದೂ ನೀರಿಗೆ. ಲೆಕ್ಕ ಹೀಗೆ: ಮೊದಲ ಹೊಡೆತ ಒಂದು. ನೀರಿಗೆ ಬಿದ್ದ ಐದು ಬಾಲ್‌ಗೆ ಹೊಡೆತ ಐದು, ದಂಡ ಐದು. ಆರನೇ ಬಾಲ್ ನೀರು ದಾಟಿ ನೇರ ಕುಳಿಯೊಳಗೆ. ಒಟ್ಟು 12. ಐದು ಹೊಡೆತದಲ್ಲಿ ಮುಗಿಯಬೇಕಿದ್ದ ಹೋಲ್ ಅದು. ಗೆಲ್ಲಬಹುದಾಗಿದ್ದ ಓಪನ್ ಕೈತಪ್ಪಿತು.

ಇಡೀ ಸಿನಿಮಾದಲ್ಲಿ 'ಬೇಡ, ಈಚೆ ನಿಲ್ಲಿಸು' ಅಂತ ಹೇಳಿಕೊಂಡು ಬಂದವನು ರೋಮಿಯೊ. ಈಗ ಅವನ ಕೈಯಲ್ಲಿ ಬ್ಯಾಗಿನ ಕೊನೆಯ ಬಾಲ್ ಇದೆ. ಇದೂ ಹೋದರೆ ಆಟವೇ ಮುಗಿಸೋಕಾಗದೆ ಹೊರಗೆ ಹೋಗಬೇಕು. ಅದನ್ನು ಅವನು ರಾಯ್‌ಗೆ ಹೇಳುತ್ತಾನೆ. ಹೇಳಿಯೂ ಬಾಲ್ ಕೊಡುತ್ತಾನೆ. ಮೊದಲ ದೃಶ್ಯದಲ್ಲಿ ಕ್ಲಬ್ ಮುರಿದು ಹೊರಟುಹೋದ ಅದೇ ಮನುಷ್ಯ ಇಲ್ಲಿ ಹೋಗಲ್ಲ, ಪಕ್ಕದಲ್ಲೇ ನಿಲ್ಲುತ್ತಾನೆ. ಸಿನಿಮಾದಲ್ಲಿ ನಿಜವಾಗಿ ಬದಲಾದವನು ರಾಯ್ ಅಲ್ಲ, ರೋಮಿಯೊ ಅಂತ ನನಗೆ ಅನ್ನಿಸೋದು ಇದಕ್ಕೇ. ರಾಯ್ ಮೊದಲು ಹೇಗಿದ್ದನೋ ಕೊನೆಗೂ ಹಾಗೇ. ಕಾಸ್ಟ್ನರ್ ಅವರಿಗೆ ಈ ಪಾತ್ರಕ್ಕೆ ಗೋಲ್ಡನ್ ಗ್ಲೋಬ್ ನಾಮನಿರ್ದೇಶನ ಸಿಕ್ಕಿತು. ಮರೀನ್ ಅವರ ಕೆಲಸವನ್ನೂ ಅಷ್ಟೇ ಗಟ್ಟಿಯಾಗಿ ಗುರುತಿಸಬೇಕಿತ್ತು.

ಇನ್ನೊಂದು ವಿಷಯ. ಈ ಸಿನಿಮಾದಲ್ಲಿ ರಾಯ್ ಒಂದು ದಿನ 18 ಹೋಲ್‌ಗಳ ಸುತ್ತನ್ನು 62 ಹೊಡೆತದಲ್ಲಿ ಮುಗಿಸುತ್ತಾನೆ. ಆಗ ನಿಜವಾದ ಓಪನ್‌ನಲ್ಲಿ ಯಾರೂ 63ರ ಕೆಳಗೆ ಇಳಿದಿರಲಿಲ್ಲ. 2023ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಿಕಿ ಫೌಲರ್, ಝ್ಯಾಂಡರ್ ಶಾಫ್ಲಿ ಇಬ್ಬರೂ ಒಂದೇ ದಿನ 62 ಆಡಿದರು. ಸಿನಿಮಾದವರು ಬರೆದದ್ದು ನಿಜವಾಗೋಕೆ 27 ವರ್ಷ ಬೇಕಾಯ್ತು.

ಎಲ್ಲ ಗಾಲ್ಫ್ ಸಿನಿಮಾದಲ್ಲೂ ಕ್ಯಾಡಿಗೆ ಇಂಥ ಬದುಕು ಕೊಡಲ್ಲ. 2000ದಲ್ಲಿ ಬಂದ 'ದ ಲೆಜೆಂಡ್ ಆಫ್ ಬ್ಯಾಗರ್ ವ್ಯಾನ್ಸ್' ನೋಡಿ. ರಾಬರ್ಟ್ ರೆಡ್‌ಫರ್ಡ್ ನಿರ್ದೇಶನ, ವಿಲ್ ಸ್ಮಿತ್ ಕ್ಯಾಡಿ. ಕಥೆ ನಡೆಯೋದು 1930ರ ದಶಕದ ಆರಂಭದಲ್ಲಿ, ಜಾರ್ಜಿಯಾ ರಾಜ್ಯದ ಸವಾನಾದಲ್ಲಿ. ಕರಿಯರನ್ನು ಮನುಷ್ಯರಂತೆ ನೋಡದಿದ್ದ ಕಾಲ, ಊರು. ಆದರೆ ಕರಿಯನೇ ಆದ ಆ ಕ್ಯಾಡಿಗೆ ಅದರ ಬಿಸಿ ತಟ್ಟೋದೇ ಇಲ್ಲ. ಕತ್ತಲಿಂದ ಬರುತ್ತಾನೆ, ಬಿಳಿಯ ಹೀರೋನ ಮನಸ್ಸು ಸರಿಮಾಡುತ್ತಾನೆ, ಹೊರಟುಹೋಗುತ್ತಾನೆ. ಅವನಿಗೆ ಮನೆ ಇಲ್ಲ, ಸಾಲ ಇಲ್ಲ, ಸಿಟ್ಟಿಲ್ಲ. ಇದನ್ನು ಅಮೆರಿಕದಲ್ಲೇ ಅನೇಕರು ಕಟುವಾಗಿ ಟೀಕಿಸಿದರು, ನಿರ್ದೇಶಕ ಸ್ಪೈಕ್ ಲೀ ಕೂಡ. ವಿಲ್ ಸ್ಮಿತ್ ನಟನೆಯಲ್ಲಿ ತಪ್ಪಿಲ್ಲ. ಬರವಣಿಗೆಯಲ್ಲೇ ಅವನಿಗೆ ಬದುಕು ಕೊಟ್ಟಿಲ್ಲ. ರೋಮಿಯೊನ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತೆ.

2005ರ 'ದ ಗ್ರೇಟೆಸ್ಟ್ ಗೇಮ್ ಎವರ್ ಪ್ಲೇಡ್' ಇದಕ್ಕಿಂತ ಎಷ್ಟೋ ವಾಸಿ. ಅದು ನಿಜವಾಗಿ ನಡೆದ ಕಥೆ. 1913ರ ಯುಎಸ್ ಓಪನ್‌ನಲ್ಲಿ ಫ್ರಾನ್ಸಿಸ್ ವಿಮೆಟ್ ಅನ್ನೋ 20 ವರ್ಷದ ಹುಡುಗ, ಹಿಂದೆ ಕ್ಯಾಡಿಯಾಗಿದ್ದವನು, ಇಂಗ್ಲೆಂಡಿನ ದಿಗ್ಗಜರಾದ ಹ್ಯಾರಿ ವಾರ್ಡನ್ ಮತ್ತು ಟೆಡ್ ರೇ ಇಬ್ಬರನ್ನೂ ಸೋಲಿಸಿದ. ಕೊನೆಯ ದಿನದ ಲೆಕ್ಕ: ವಿಮೆಟ್ 72 ಹೊಡೆತ, ವಾರ್ಡನ್ 77, ರೇ 78. ಅವನ ಬ್ಯಾಗ್ ಹೊತ್ತವನು ಎಡ್ಡಿ ಲೋರಿ, ಹತ್ತು ವರ್ಷದ ಪುಟ್ಟ ಹುಡುಗ. ಕೊನೆಯ ದಿನ ದೊಡ್ಡವರನ್ನು ಕ್ಯಾಡಿ ಮಾಡಿಕೊ ಅಂತ ಜನ ಒತ್ತಾಯ ಮಾಡಿದರೂ ವಿಮೆಟ್ ಒಪ್ಪಲಿಲ್ಲ. ಮುಂದೆ ಆ ಎಡ್ಡಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕಾರು ಮಾರಾಟದ ದೊಡ್ಡ ವ್ಯಾಪಾರಸ್ಥರಾದರು.

ಮತ್ತೆ ಮರೀನ್ ಅವರ ವಿಷಯಕ್ಕೆ. ಇವರು ಯಾರು ಅಂತ ಸ್ವಲ್ಪ ಗೊತ್ತಿದ್ದರೆ ಎರಡನೇ ಪಾತ್ರ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. 1946ರ ಜುಲೈನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದವರು, ಮೆಕ್ಸಿಕನ್ ಮೂಲದ ಕುಟುಂಬ. ತಂದೆ ಅದೇ ಊರಿನ ಪೊಲೀಸ್. ಟಾಮಿ ಚಾಂಗ್ ಅನ್ನುವವರ ಜೊತೆ ಸೇರಿ 'ಚೀಚ್ ಆ್ಯಂಡ್ ಚಾಂಗ್' ಅನ್ನೋ ಹಾಸ್ಯ ಜೋಡಿ ಕಟ್ಟಿದರು. ಅವರ ಒಂದು ರೆಕಾರ್ಡಿಗೆ ಗ್ರ್ಯಾಮಿ ಬಂತು, 1978ರಿಂದ ಸಿನಿಮಾಗಳೂ ಬಂದವು. ಗಾಂಜಾ ಸೇದುವ ಪೋಲಿ ಹುಡುಗರ ತಮಾಷೆ ಅದು. ಜೋಡಿ ಮುರಿದ ಮೇಲೆ 1987ರಲ್ಲಿ 'ಬಾರ್ನ್ ಇನ್ ಈಸ್ಟ್ ಎಲ್.ಎ.' ಅನ್ನೋ ಸಿನಿಮಾವನ್ನು ತಾವೇ ಬರೆದು, ನಿರ್ದೇಶಿಸಿ, ನಟಿಸಿದರು. ಅಮೆರಿಕದಲ್ಲೇ ಹುಟ್ಟಿದ ಒಬ್ಬನನ್ನು ಅವನ ಮುಖ ನೋಡಿ, ಪೇಪರ್ ಇಲ್ಲ ಅಂತ ಮೆಕ್ಸಿಕೊಗೆ ತಳ್ಳಿಬಿಡುವ ಕಥೆ. ನಗಿಸುತ್ತಲೇ ಚುಚ್ಚುತ್ತೆ. ನಿಮ್ಮ ಮಕ್ಕಳಿಗೆ ಅವರ ದನಿ ಪರಿಚಯ ಇರಲೇಬೇಕು: 'ದ ಲಯನ್ ಕಿಂಗ್'ನ ಕತ್ತೆಕಿರುಬ ಬಾನ್ಝಾಯ್, 'ಕಾರ್ಸ್'ನ ರಮೋನ್ ಎರಡೂ ಅವರದ್ದೇ. 'ಟಿನ್ ಕಪ್' ಬಂದ ವರ್ಷವೇ ಡಾನ್ ಜಾನ್ಸನ್ ಜೊತೆ 'ನ್ಯಾಶ್ ಬ್ರಿಡ್ಜಸ್' ಅನ್ನೋ ಪೊಲೀಸ್ ಧಾರಾವಾಹಿಯೂ ಶುರುವಾಗಿತ್ತು. ಸಿನಿಮಾದಲ್ಲಿ ಎದುರಾಳಿ ಪಾಳಯದಲ್ಲಿರುವ ಇಬ್ಬರು ಟಿವಿಯಲ್ಲಿ ಜೊತೆಗಾರರು.

ಮೆಕ್ಸಿಕನ್ ಅಮೆರಿಕನ್ ಕಲಾವಿದರ ಚಿತ್ರಗಳನ್ನು ಅವರು ದಶಕಗಳಿಂದ ಕೊಂಡು ಕೂಡಿಟ್ಟಿದ್ದಾರೆ. 2022ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಊರಿನಲ್ಲಿ ಆ ಸಂಗ್ರಹಕ್ಕೆಂದೇ ಒಂದು ಮ್ಯೂಸಿಯಂ ತೆರೆಯಿತು, ಅವರದೇ ಹೆಸರಿನಲ್ಲಿ. ತನ್ನ ಜನರ ಕಥೆ ಉಳಿಯಬೇಕು ಅನ್ನೋ ಆಸೆ ಆ ಮನುಷ್ಯನಿಗೆ ಎಷ್ಟಿದೆ ಅಂತ ಇದರಿಂದಲೇ ಗೊತ್ತಾಗುತ್ತೆ.

'ದ ಲಾಂಗ್ ಗೇಮ್' ಅಂಥ ಕಥೆ. ಹಂಬರ್ಟೊ ಗಾರ್ಸಿಯಾ ಬರೆದ ಒಂದು ಪುಸ್ತಕ ಅದಕ್ಕೆ ಆಧಾರ, ನಿರ್ದೇಶಕ ಹುಲಿಯೊ ಕ್ವಿಂಟಾನಾ. ಟೆಕ್ಸಾಸ್‌ನ ಡೆಲ್ ರಿಯೊ ಅನ್ನೋದು ಮೆಕ್ಸಿಕೊ ಗಡಿಯ ಊರು. ರಿಯೊ ಗ್ರಾಂಡೆ ನದಿ ದಾಟಿದರೆ ಆಚೆ ಮೆಕ್ಸಿಕೊ. ಆ ಊರಿನಲ್ಲಿ ಮೆಕ್ಸಿಕನ್ ಮೂಲದವರಿಗೆ ಬೇರೆ ಬಡಾವಣೆ, ಬೇರೆ ಶಾಲೆ. 1929ರಲ್ಲಿ ಅವರು ತಮ್ಮದೇ ಸ್ಯಾನ್ ಫೆಲಿಪೆ ಶಾಲಾ ಆಡಳಿತವನ್ನು ಕಟ್ಟಿಕೊಂಡಿದ್ದರು. ಬಿಳಿಯರ ಶಾಲೆಗಳ ಜೊತೆ ಅದು ಒಂದಾದದ್ದು 1971ರಲ್ಲಿ, ಅದೂ ಕೋರ್ಟಿನ ಆದೇಶದ ಮೇಲೆ.

ಆ ಶಾಲೆಯ ಹುಡುಗರು ಊರಿನ ಗಾಲ್ಫ್ ಕ್ಲಬ್ಬಿನಲ್ಲಿ ಬ್ಯಾಗ್ ಹೊರುತ್ತಿದ್ದರು. ಹೊರಬಹುದಿತ್ತು, ಆಡುವ ಹಾಗಿರಲಿಲ್ಲ. ಅದಕ್ಕೆ ಊರಾಚೆ ಪೊದೆ ಕಡಿದು, ನೆಲ ತಟ್ಟಿ, ತಾವೇ ಒಂದು ಮೈದಾನ ಮಾಡಿಕೊಂಡರು. ಯಾರೋ ಬಿಟ್ಟ ಹಳೆಯ ಕ್ಲಬ್ ಹಿಡಿದು ಕಲಿತರು. ಸಿನಿಮಾದಲ್ಲಿ ಅವರಿಗೆ ಗುರುವಾಗುವವರು ಶಾಲೆಯ ಸೂಪರಿಂಟೆಂಡೆಂಟ್ ಜೆ.ಬಿ. ಪೆನ್ಯಾ, ಆ ಪಾತ್ರದಲ್ಲಿ ಜೇ ಹರ್ನಾಂಡೆಜ್. ಯುದ್ಧಕ್ಕೆ ಹೋಗಿ ದೇಶಕ್ಕೆ ದುಡಿದು ಬಂದವರು. ಅವರಿಗೂ ಕ್ಲಬ್ಬಿನ ಸದಸ್ಯತ್ವ ಇಲ್ಲ ಅಂದರು. 1957ರಲ್ಲಿ ಆ ಐದು ಹುಡುಗರು ಟೆಕ್ಸಾಸ್ ರಾಜ್ಯ ಹೈಸ್ಕೂಲ್ ಚಾಂಪಿಯನ್‌ಶಿಪ್ ಗೆದ್ದರು. ಇದು ಸಿನಿಮಾದವರ ಕಲ್ಪನೆ ಅಲ್ಲ, ನಡೆದದ್ದು. ನಡುವಿನ ಎಷ್ಟೋ ಸಂಭಾಷಣೆ, ಸಂದರ್ಭಗಳು ಸಿನಿಮಾಕ್ಕೆ ಬರೆದದ್ದು ಅಂತ ಇಟ್ಟುಕೊಳ್ಳಿ. ಮೈದಾನ, ಗೆಲುವು, ಕ್ಲಬ್ಬಿನ ಮುಚ್ಚಿದ ಬಾಗಿಲು ನಿಜ.

ಆ ಕಾಲ ಎಂಥದ್ದು ಅಂತ ತಿಳಿಯೋಕೆ ಒಂದೇ ಮಾತು ಸಾಕು. ಅಮೆರಿಕದ ವೃತ್ತಿಪರ ಗಾಲ್ಫರ ಸಂಘ 1934ರಿಂದಲೂ ಬಿಳಿಯರಿಗೆ ಮಾತ್ರ ಸದಸ್ಯತ್ವ ಅಂತ ತನ್ನ ನಿಯಮದಲ್ಲೇ ಬರೆದಿಟ್ಟುಕೊಂಡಿತ್ತು. ಅದನ್ನು ತೆಗೆದದ್ದು 1961ರ ನವೆಂಬರ್‌ನಲ್ಲಿ. ಅಂದರೆ ಈ ಹುಡುಗರು ಗೆದ್ದು ನಾಲ್ಕು ವರ್ಷ ಆದ ಮೇಲೆ. ಮುಂದೆ 1968ರಲ್ಲಿ ಟೆಕ್ಸಾಸ್‌ನವರೇ ಆದ, ಮೆಕ್ಸಿಕನ್ ಮೂಲದ ಲೀ ಟ್ರೆವಿನೊ ಯುಎಸ್ ಓಪನ್ ಗೆದ್ದರು. ಅವರೂ ಡಲ್ಲಾಸ್‌ನಲ್ಲಿ ಕ್ಯಾಡಿಯಾಗಿದ್ದವರು, ಅಭ್ಯಾಸದ ಬಯಲಿನಲ್ಲಿ ಕೆಲಸ ಮಾಡಿದವರು. ಕ್ಲಬ್ ಬದಲು ತಂಪುಪಾನೀಯದ ಬಾಟಲಿಯಲ್ಲಿ ಬಾಲ್ ಹೊಡೆದು ಬೆಟ್ಟು ಗೆಲ್ಲುತ್ತಿದ್ದರು. 'ಟಿನ್ ಕಪ್'ನ ರಾಯ್ ತೋಟದ ಸಲಕರಣೆ ಹಿಡಿದು ಆಡುವ ದೃಶ್ಯ ನೋಡಿದಾಗ ನನಗೆ ತಕ್ಷಣ ಟ್ರೆವಿನೊ ನೆನಪಾಗುತ್ತಾರೆ. ಒಂದು ಮಾತು ನನಗೆ ಸ್ವಲ್ಪ ಕಾಡುತ್ತೆ ಕೂಡ. ನಿಜ ಜೀವನದಲ್ಲಿ ಟೆಕ್ಸಾಸ್‌ನ ಅಭ್ಯಾಸದ ಬಯಲಿನಿಂದ ಎದ್ದು ಓಪನ್ ಗೆದ್ದವನು ಮೆಕ್ಸಿಕನ್ ಮೂಲದವನು. 1996ರ ಸಿನಿಮಾದಲ್ಲಿ ಆಡುವವನು ಬಿಳಿಯ, ಬ್ಯಾಗ್ ಹೊರುವವನು ಮೆಕ್ಸಿಕನ್ ಮೂಲದವನು.

'ದ ಲಾಂಗ್ ಗೇಮ್' ಅದನ್ನು ತಿರುಗಿಸಿ ಹಾಕಿದೆ. ಇಲ್ಲಿ ಬ್ಯಾಗ್ ಹೊತ್ತ ಹುಡುಗರೇ ಹೀರೋಗಳು. ಬಿಳಿಯ ನಟ ಡೆನಿಸ್ ಕ್ವೇಡ್ ಅವರಿಗೆ ಸಹಾಯಕ ಕೋಚ್ ಆಗಿ ಪಕ್ಕದ ಪಾತ್ರ. ಹಾಗಿದ್ದರೆ ಮರೀನ್ ಎಲ್ಲಿದ್ದಾರೆ? ಕ್ಲಬ್ಬಿನ ಒಳಗೆ, ಹುಲ್ಲಿನ ಮೇಲೆ. ಬೇರೆಯವರು ಆಡಲಿ ಅಂತ ಮೈದಾನವನ್ನು ಅಂದವಾಗಿಟ್ಟುಕೊಂಡು, ತಾನು ಮಾತ್ರ ಆಡದೆ ವಯಸ್ಸು ಕಳೆದವನು ಪೊಯ್ಯೊ. ಹುಡುಗರ ಮೇಲೆ ಅವನಿಗೆ ಅಕ್ಕರೆ. ತಮಾಷೆಯೂ ಮಾಡುತ್ತಾನೆ. ಆದರೆ ಆ ಹುಡುಗರು ಗೆಲ್ಲದೇ ಹೋದರೆ, ಅಥವಾ ಪ್ರಯತ್ನವನ್ನೇ ಮಾಡದೆ ಹೋದರೆ, ಐವತ್ತು ವರ್ಷ ಆದ ಮೇಲೆ ಹೀಗೇ ಇರುತ್ತಾರೆ ಅಂತ ಅವನನ್ನು ನೋಡಿದರೆ ಗೊತ್ತಾಗುತ್ತೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಅವನು ಆ ಮೈದಾನದಲ್ಲಿ ನಿಂತಿದ್ದರೇ ಸಾಕು.

ರೋಮಿಯೊಗೂ ಪೊಯ್ಯೊಗೂ ಇರೋ ದೊಡ್ಡ ವ್ಯತ್ಯಾಸ ಇದು. ರೋಮಿಯೊಗೆ ಬಾಯಿ ಇದೆ. ಬಿಳಿಯ ಗೆಳೆಯನಿಗೆ ಎದುರು ಮಾತಾಡುತ್ತಾನೆ, ಬೈಯುತ್ತಾನೆ, ಅವನ ಕ್ಲಬ್ ಮುರಿಯುತ್ತಾನೆ, ಬಿಟ್ಟು ಹೋಗುವ ಸ್ವಾತಂತ್ರ್ಯ ಇದೆ. ಪೊಯ್ಯೊಗೆ 1950ರ ದಶಕದ ಡೆಲ್ ರಿಯೊದಲ್ಲಿ ಅದು ಯಾವುದೂ ಇಲ್ಲ. ಹುಡುಗರಿಗೇ ಆಟದ ಹೊತ್ತಲ್ಲಿ ಸ್ಪ್ಯಾನಿಷ್ ಮಾತಾಡಬೇಡಿ ಅಂತ ಹೇಳುವ ಕಾಲ ಅದು. ಮಾತಿನಲ್ಲೇ ಬದುಕಿದ ಒಬ್ಬ ಹಾಸ್ಯನಟ ಇಂಥ ಪಾತ್ರದಲ್ಲಿ ದನಿ ತಗ್ಗಿಸಿ, ಕಣ್ಣಲ್ಲೇ ಅರ್ಧ ಹೇಳಿ ಸುಮ್ಮನಾಗೋದನ್ನು ನೋಡೋದು ಒಂದು ಅನುಭವ. ಇನ್ನೊಂದು ಲೆಕ್ಕ ಹಾಕಿ. 1957ರ ವಸಂತದಲ್ಲಿ ಮರೀನ್ ಅವರೇ ಲಾಸ್ ಏಂಜಲೀಸ್‌ನಲ್ಲಿ ಹತ್ತು ವರ್ಷದ ಹುಡುಗ. ಆ ಮೆಕ್ಸಿಕನ್ ಅಮೆರಿಕನ್ ಬಾಲ್ಯವನ್ನು ಬದುಕಿ ಬಂದವರು.

ಆದರೆ ಒಂದು ತಕರಾರು ನನಗಿದೆ, ಹೇಳಿಬಿಡ್ತೀನಿ. ಪಾತ್ರ ತುಂಬಾ ಚಿಕ್ಕದಾಯ್ತು. ಐದು ಹುಡುಗರು, ಇಬ್ಬರು ಕೋಚ್, ಪ್ರೇಮದ ಕಥೆ, ಮನೆಯ ಜಗಳ ಎಲ್ಲ ಒಂದೇ ಸಿನಿಮಾದಲ್ಲಿ ತುಂಬಿದ್ದಾರೆ. ಪೊಯ್ಯೊನ ಸರದಿ ಬರುವಷ್ಟರಲ್ಲಿ ಕತ್ತರಿ ಬಿದ್ದ ಹಾಗಿದೆ. ಪೊಯ್ಯೊ ಮತ್ತು ಪೆನ್ಯಾ ಇಬ್ಬರನ್ನೇ ಕೂರಿಸಿ ಹತ್ತು ನಿಮಿಷದ ಒಂದು ಮಾತುಕತೆ ಇಟ್ಟಿದ್ದರೆ? ಒಬ್ಬ ಕ್ಲಬ್ಬಿನ ಒಳಗೆ ಆಳಾಗಿ ಇದ್ದಾನೆ, ಇನ್ನೊಬ್ಬ ಸದಸ್ಯನಾಗೋಕೆ ಹೊರಗೆ ನಿಂತಿದ್ದಾನೆ. ಎಂಥ ದೃಶ್ಯ ಆಗಬಹುದಿತ್ತು! ಹಾಗಾಗಿ ಯಾವುದು ಒಳ್ಳೆಯ ಪಾತ್ರ ಅಂತ ಕೇಳಿದರೆ ರೋಮಿಯೊ ಅಂತಲೇ ಹೇಳ್ತೀನಿ. ಯಾವುದು ಮುಖ್ಯ ಸಿನಿಮಾ ಅಂತ ಕೇಳಿದರೆ 'ದ ಲಾಂಗ್ ಗೇಮ್'. ನೀವು ಎರಡನೆಯದನ್ನೇ ಇತ್ತೀಚೆಗೆ ನೋಡಿರೋದರಿಂದ, ಈಗ 'ಟಿನ್ ಕಪ್' ಮತ್ತೆ ಹಾಕಿ ರಾಯ್ ಮೇಲಿನ ಕಣ್ಣು ತೆಗೆದು ರೋಮಿಯೊನನ್ನೇ ಹಿಂಬಾಲಿಸಿ ನೋಡಿ. ಬೇರೆಯೇ ಸಿನಿಮಾ ಸಿಗುತ್ತೆ.

ಗಾಲ್ಫ್ ಬರಲ್ಲ ಅನ್ನೋ ಚಿಂತೆ ಬೇಡ. ಪ್ರತಿ ಹೋಲ್‌ಗೂ ಇಷ್ಟು ಹೊಡೆತ ಅಂತ ಒಂದು ಲೆಕ್ಕ ಇರುತ್ತೆ, ಅದಕ್ಕೆ ಪಾರ್ ಅನ್ನುತ್ತಾರೆ. ಕಡಿಮೆ ಹೊಡೆದವನು ಗೆದ್ದ. ಇಷ್ಟು ಗೊತ್ತಿದ್ದರೆ ಎರಡೂ ಸಿನಿಮಾ ಅರ್ಥ ಆಗುತ್ತವೆ.

ಮಕ್ಕಳ ವಿಷಯ. 'ಟಿನ್ ಕಪ್'ಗೆ ಅಮೆರಿಕದಲ್ಲಿ ಆರ್ ಅನ್ನೋ ದರ್ಜೆ ಕೊಟ್ಟಿದ್ದಾರೆ, ಅಂದರೆ 17 ವರ್ಷದ ಒಳಗಿನವರು ದೊಡ್ಡವರ ಜೊತೆಗೇ ಬರಬೇಕು. ಕೆಟ್ಟ ಬೈಗುಳ ಜಾಸ್ತಿ, ದ್ವಂದ್ವಾರ್ಥದ ಮಾತು, ಕುಡಿತ ಎಲ್ಲ ಇದೆ. ಶಾಲೆಯ ಮಕ್ಕಳ ಜೊತೆ ಕೂತು ನೋಡೋದು ಬೇಡ, ಅದನ್ನು ದೊಡ್ಡವರಷ್ಟೇ ನೋಡಿ. 'ದ ಲಾಂಗ್ ಗೇಮ್' ಮನೆಮಂದಿಯೆಲ್ಲ ನೋಡಬಹುದು, ಜನಾಂಗದ ಅವಮಾನದ ಕೆಲವು ದೃಶ್ಯ ಬಂದಾಗ ಮಕ್ಕಳು ಪ್ರಶ್ನೆ ಕೇಳ್ತಾರೆ, ಉತ್ತರಿಸೋಕೆ ತಯಾರಿರಿ. ಅವರಿಗೆ ಇನ್ನೊಂದು ಗಾಲ್ಫ್ ಸಿನಿಮಾ ಬೇಕು ಅಂದರೆ 'ದ ಗ್ರೇಟೆಸ್ಟ್ ಗೇಮ್ ಎವರ್ ಪ್ಲೇಡ್' ಹಾಕಿ. ಹತ್ತು ವರ್ಷದ ಎಡ್ಡಿಯನ್ನು ಅವರು ಖಂಡಿತ ಇಷ್ಟಪಡುತ್ತಾರೆ.